ಏಳು ಸಲ ಸತ್ತ ಲೊಂಬೆ ಕೋಚ್

ಎವರಿಸ್ತೊ ಲೊಂಬೆಯನ್ನು ಕೋಚ್ ಕೆಲಸದಿಂದ ತೆಗೆದುಹಾಕಿದ್ದು ಒಟ್ಟು ಏಳು ಸಲ. ಏಳು ಸಲವೂ ಅವನಿಗೆ ಸುದ್ದಿ ಗೊತ್ತಾದದ್ದು ರೇಡಿಯೋದಿಂದಲೇ. ನಮ್ಮ ತಾಮ್ರದ ಗಣಿಯ ಊರುಗಳ ಫುಟ್‌ಬಾಲ್ ಕ್ಲಬ್ ಅಧ್ಯಕ್ಷರುಗಳಿಗೆ ಇದೊಂದು ಚಾಳಿ. ಕೋಚನ್ನು ಕೆಲಸಕ್ಕೆ ಕರೆಯುವಾಗ ಖುದ್ದಾಗಿ ಮನೆಗೆ ಬರುತ್ತಾರೆ. ಅವನ ಹೆಂಡತಿಗೆ ಸೊಂಟಕ್ಕೆ ಸುತ್ತಿಕೊಳ್ಳಲು ಹೊಸ ಚಿಟೆಂಗೆ ಬಟ್ಟೆ ತರುತ್ತಾರೆ. ನ್ಶಿಮಾ ಮುದ್ದೆಯನ್ನು ನಾಟಿಕೋಳಿ ಸಾರಿನಲ್ಲಿ ಅದ್ದಿ ಉಂಡು, ಮಂಡಿ ಬಾಗಿಸಿ ಮೆಲ್ಲಗೆ ಕೈತಟ್ಟಿ ವಂದಿಸಿ, ‘ನೀವೇ ನಮ್ಮ ತಂಡದ ತಂದೆ’ ಎನ್ನುತ್ತಾರೆ. ತೆಗೆಯುವಾಗ ಮಾತ್ರ ಮಧ್ಯಾಹ್ನ ಒಂದು ಗಂಟೆಯ ಕ್ರೀಡಾವಾರ್ತೆಗೆ ಚೀಟಿ ಕಳಿಸಿ, ಫೋನು ಬಂದ್ ಮಾಡಿಕೊಂಡು ಮಲಗುತ್ತಾರೆ. ಎದೆಗಾರಿಕೆ ಅಂದರೆ ಇದಪ್ಪ!

ಅದಕ್ಕೇ ನಮ್ಮಲ್ಲಿ ಕೋಚನ್ನು ತೆಗೆದರು ಎಂದು ಯಾರೂ ಹೇಳುವುದಿಲ್ಲ, ಕೋಚ್ ಸತ್ತ ಎನ್ನುತ್ತಾರೆ. ಸತ್ತವರ ಸುದ್ದಿಯೂ ರೇಡಿಯೋದಲ್ಲೇ ಬರುವುದು ತಾನೆ.

ಲೊಂಬೆ ಹುಟ್ಟಿ ಬೆಳೆದದ್ದು ಮುಫುಲಿರಾದ ಕಂಟಾನ್ಶಿ ಬಡಾವಣೆಯಲ್ಲಿ. ಅಪ್ಪ ಗಣಿಯಲ್ಲಿ ಕೊರೆಯುವ ಕೆಲಸದವನು. ಮಗನ ಎಡಗಾಲು ಮಾತ್ರ ನೆಲದಡಿಗೆ ಇಳಿಯುವ ಕಾಲಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ಹದಿನೆಂಟಕ್ಕೆ ಗಣಿಯ ತಂಡ ಸೇರಿದ, ಇಪ್ಪತ್ತೇಳಕ್ಕೆ ಮಂಡಿ ಮುರಿದುಕೊಂಡ. ಬೇರೆ ಯಾರಾದರೂ ಆಗಿದ್ದರೆ ಹೆಂಡದಂಗಡಿಯಲ್ಲಿ ಕೂತು ‘ಆ ಕಾಲದಲ್ಲಿ ನಾನು’ ಎಂದು ಶುರು ಮಾಡುತ್ತಿದ್ದರು. ಇವನು ಪ್ಲಾಸ್ಟರ್ ಬಿಚ್ಚಿದ ವಾರವೇ ತರಬೇತುದಾರರ ಶಾಲೆಗೆ ಅರ್ಜಿ ಹಾಕಿದ. ‘ಕಾಲು ಹೋಯ್ತು ಸರಿ, ಕಣ್ಣು ಹೋಗಿದೆಯಾ? ಆಟ ನೋಡೋದು ಕಣ್ಣು,’ ಎಂದ. ಮೂವತ್ಮೂರಕ್ಕೆ ಲುವಾನ್ಶಾದ ಒಂದು ತಂಡಕ್ಕೆ ಮುಖ್ಯ ಕೋಚ್ ಆದ. ಅಲ್ಲಿ ಹದಿನಾಲ್ಕು ತಿಂಗಳಿಗೆ ಮೊದಲ ಸಾವು.

ಆ ದಿನ ಒಂದು ಗಂಟೆಯ ವಾರ್ತೆ ಮುಗಿದಾಗ ಅವನು ಊಟದ ತಟ್ಟೆಯ ಮುಂದೆ ಕೂತಿದ್ದ. ಹೆಂಡತಿ ರೇಡಿಯೋ ಆರಿಸಿದಳು. ದೊಡ್ಡ ಮಗಳು ಚೋಲಾ ಹುಟ್ಟಿದಂದಿನಿಂದ ಊರಿಗೆಲ್ಲ ಅವಳು ಬಾನಾ ಚೋಲಾ, ಅಂದರೆ ಚೋಲಾಳ ಅಮ್ಮ. ಇವನು ಬಾಶಿ ಚೋಲಾ, ಚೋಲಾಳ ಅಪ್ಪ. ನಿನ್ನೆಯವರೆಗೆ ಬೇಲಿ ಹಾರಿ ಬಂದು ಸಲಹೆ ಕೊಡುತ್ತಿದ್ದ ನೆರೆಯವರು ಇವತ್ತು ತಮ್ಮ ತಮ್ಮ ಬಾಗಿಲು ಹಾಕಿಕೊಂಡಿದ್ದರು. ಗೆದ್ದಾಗ ಹೆಗಲಿಗೆ ಹತ್ತಿಸಿಕೊಳ್ಳುವ ಜನ ಸೋತಾಗ ಮುಖ ತಿರುಗಿಸುತ್ತಾರೆ. ಬಿಡಿ, ಅದು ಎಲ್ಲ ಊರಿನ ಕಥೆ.

ನಾಲ್ಕು ಗಂಟೆಗೆ ಗೇಟಿನ ಹೊರಗೆ ಎದೆಯೊಡೆಯುವಂಥ ಅಳು ಕೇಳಿಸಿತು.

‘ಅಯ್ಯಯ್ಯೋ! ಹೋಗ್ಬಿಟ್ಯಲ್ಲೋ ನನ್ನ ಕೋತಿ ತಿನ್ನೋನೇ! ಇನ್ನು ಕಾಡಿನ ಕೋತಿಗಳಿಗೆ ದಿಕ್ಕು ಯಾರೋ! ಅವೆಲ್ಲ ನೆಮ್ಮದಿಯಾಗಿ ಮುದಿಯಾಗಿ ಸಾಯ್ತಾವಲ್ಲೋ!’

ಜೈರೋಸ್ ಶಾವಾ. ಆಗ ಕಿಟ್ವೆಯ ಒಂದು ತಂಡಕ್ಕೆ ಸಹಾಯಕ ಕೋಚ್ ಆಗಿದ್ದವನು. ಆರಡಿಯ ಗಂಡಸು, ಹೆಂಗಸರಂತೆ ತಲೆಗೆ ಚಿಟೆಂಗೆ ಸುತ್ತಿಕೊಂಡು, ಮಣ್ಣಿನಲ್ಲಿ ಹೊರಳುತ್ತಿದ್ದ. ಲೊಂಬೆ ಬೆಂಬಾ ಜನಾಂಗದವನು, ಶಾವಾ ಪೂರ್ವದ ಅಂಗೋನಿ. ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಜನ ಈಟಿ ಹಿಡಿದು ಬಡಿದಾಡಿ, ಸಾಕೋ ಸಾಕಾಗಿ, ಕೊನೆಗೆ ಬಾಯಲ್ಲೇ ಬಡಿದಾಡೋಣ ಎಂದು ಒಪ್ಪಂದ ಮಾಡಿಕೊಂಡರಂತೆ. ಅಂದಿನಿಂದ ಪ್ರತಿ ಬೆಂಬಾಗೂ ಪ್ರತಿ ಅಂಗೋನಿ ಕಸಿನ್. ರಕ್ತಸಂಬಂಧ ಬೇಡ, ಪರಿಚಯವೂ ಬೇಡ. ಬಸ್ಸಿನಲ್ಲಿ ಸಿಕ್ಕವನನ್ನೂ ಇವರು ‘ಇಲಿ ತಿನ್ನೋನೇ’ ಎನ್ನಬಹುದು, ಅವರು ‘ಕೋತಿ ತಿನ್ನೋನೇ’ ಎನ್ನಬಹುದು. ಸಾವಿನ ಮನೆಗೆ ಮೊದಲು ಬಂದು ಅಣಕಿಸಿ ಅಳುವುದೂ, ಹೆಣದ ಮುಂದೆಯೇ ಜನರನ್ನು ನಗಿಸುವುದೂ ಕಸಿನ್‌ಗೆ ಹಕ್ಕು. ಒಂದೇ ಒಂದು ಕಟ್ಟಳೆ: ಕೋಪ ಮಾಡಿಕೊಳ್ಳಬಾರದು. ಕೋಪ ಮಾಡಿಕೊಂಡವನು ಆ ನಂಟನ್ನು ತಾನೇ ಕಡಿದ ಹಾಗೆ. ಆಮೇಲೆ ಅವನೇ ಎದುರಾಳಿಯ ಬಾಗಿಲಿಗೆ ಹೋಗಿ ಮೊದಲ ಬೈಗುಳ ಬೈಯಬೇಕು. ಅಲ್ಲಿಯವರೆಗೆ ಎದುರಿನವನು ಅವನ ಹತ್ತಿರ ಮರ್ಯಾದೆಯಿಂದ ಮಾತಾಡುತ್ತಾನೆ. ಮರ್ಯಾದೆಯಾ ಅಷ್ಟೇ ತಾನೆ ಎನ್ನಬೇಡಿ. ಅನುಭವಿಸಿದವರನ್ನು ಕೇಳಿ.

ಲೊಂಬೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

‘ಏನೋ ಇಲಿ ತಿನ್ನೋನೇ, ನನ್ನ ಹೆಣ ಇನ್ನೂ ಬೆಚ್ಚಗಿದೆ, ಆಗಲೇ ವಾಸನೆ ಹಿಡ್ಕೊಂಡ್ ಬಂದ್ಯಾ?’

‘ಹೆಣಕ್ಕಲ್ಲಪ್ಪ, ಕುರ್ಚಿಗೆ ಬಂದೆ!’ ಶಾವಾ ಎದ್ದು ಮಣ್ಣು ಕೊಡವಿಕೊಂಡ. ‘ನಿನ್ನ ಜಾಗ ನಂಗೇ ಕೊಟ್ಟಿದಾರೆ. ನಾಳೆಯಿಂದ ನಾನೇ ಕೋಚು. ಸತ್ತೋನ ಆಸ್ತಿ ಕಸಿನ್‌ಗೆ ಅಲ್ವಾ? ಎಲ್ಲಿ, ಆ ಎಡಗಡೆ ಆಡೋ ಹುಡುಗನ ಮಂಡಿ ನಿಜವಾಗ್ಲೂ ನೋಯುತ್ತಾ, ನಾಟಕ ಆಡ್ತಾನಾ, ಹೇಳು.’

ಬಾನಾ ಚೋಲಾಗೆ ನಗು ತಡೆಯಲಾಗಲಿಲ್ಲ. ಹಾಕಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಬೀದಿಯವರೆಲ್ಲ ಬಂದು ನಕ್ಕು, ಮುಂಕೋಯೊ ಪಾನಕ ಕುಡಿದು ಹೋದರು. ಸಂಜೆಯ ಹೊತ್ತಿಗೆ ಲೊಂಬೆಗೆ ಕೆಲಸ ಹೋದದ್ದು ಮರೆತಿರಲಿಲ್ಲ, ಆದರೆ ಹೊಟ್ಟೆಯೊಳಗಿನ ಕಲ್ಲು ಕರಗಿತ್ತು. ಎಡಗಡೆಯ ಹುಡುಗನದು ನಾಟಕ ಎಂಬುದನ್ನೂ ಹೇಳಿಯೇ ಕಳಿಸಿದ.

ಹದಿನಾರು ತಿಂಗಳ ಮೇಲೆ ಶಾವಾ ಸತ್ತ. ಲೊಂಬೆ ಅವನ ಗೇಟಿನ ಮುಂದೆ ಹೊರಳಾಡಿದ. ‘ಊರಿನ ಇಲಿಗಳೆಲ್ಲ ಇವತ್ತು ಹಬ್ಬ ಮಾಡ್ತಿದಾವೆ ಕಣೋ!’ ಎಂದು ಅರ್ಧ ಗಂಟೆ ಅತ್ತು, ಮೂರು ಮುದ್ದೆ ಉಂಡು ಬಂದ. ಹೀಗೆ ಇಪ್ಪತ್ತು ವರ್ಷ. ಇವನು ಬಿಟ್ಟ ಕುರ್ಚಿಯಲ್ಲಿ ಅವನು, ಅವನು ಬಿಟ್ಟದ್ದರಲ್ಲಿ ಇವನು. ನಡುವೆ ಒಳ್ಳೆಯ ದಿನಗಳು ಇರಲಿಲ್ಲವೇ? ಇದ್ದವು. ನಲವತ್ತೊಂದನೆಯ ವಯಸ್ಸಿನಲ್ಲಿ ಲೊಂಬೆಯ ತಂಡ ಲೀಗ್ ಗೆದ್ದಾಗ ಜನ ಅವನನ್ನು ಮೈದಾನದಿಂದ ಮಾರುಕಟ್ಟೆಯವರೆಗೆ ಹೆಗಲ ಮೇಲೆ ಹೊತ್ತರು. ದಾರಿಯಲ್ಲಿ ಒಂದು ಶೂ ಕಳೆಯಿತು. ಒಂಟಿ ಶೂನಲ್ಲೇ ಭಾಷಣ ಮಾಡಿದ. ‘ಇದು ಅದೃಷ್ಟ ಅಲ್ಲ, ನಾನು!’ ಎಂದ. ಜಂಬ ಎಂದು ಕೆಲವರು ಮೂಗು ಮುರಿದರು. ಜಂಬವೇ. ಆದರೆ ಹನ್ನೊಂದು ಜನರಿಗೆ ಧೈರ್ಯ ತುಂಬಬೇಕಾದವನ ಕೊಡದಲ್ಲಿ ತುಸು ಹೆಚ್ಚೇ ಇರಬೇಕಲ್ಲವೆ?

ಆರನೆಯ ಸಾವಿನ ಹೊತ್ತಿಗೆ ಅವನು ಎಂಡೋಲಾದ ಒಂದು ತಂಡದಲ್ಲಿದ್ದ. ಸತತ ಆರು ಪಂದ್ಯ ಸೋತಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವಂಥ ತಂಡ ಅದು. ಅದೇ ವಾರ ಬಾನಾ ಚೋಲಾಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿ ಆಪರೇಷನ್ ಆಗಿತ್ತು. ಗುರುವಾರ ಒಂದು ಗಂಟೆಗೆ ರೇಡಿಯೋ ಎಂದಿನಂತೆ ತನ್ನ ಕೆಲಸ ಮಾಡಿತು. ಆಸ್ಪತ್ರೆಗೆ ಹೊರಡಲೆಂದು ಲೊಂಬೆ ಶರ್ಟು ಹಾಕಿಕೊಳ್ಳುತ್ತಿದ್ದಾಗ ಹೊರಗೆ ಆ ಅಳು.

‘ಅಯ್ಯೋ ಕೋತಿ ತಿನ್ನೋನೇ! ನೀನೇನೋ ಹೋದೆ, ನಿನ್ನ ಹೆಂಡ್ತಿಗೆ ಗತಿ ಯಾರೋ? ತಲೆ ಕೆಡಿಸ್ಕೋಬೇಡ, ವಿಧವೇನ ನಾನೇ ಕರ್ಕೊಂಡ್ ಹೋಗ್ತೀನಿ! ನನ್ನ ಮನೇಲಿ ಅಡಿಗೆಗೆ ಒಂದು ಕೈ ಬೇಕಾಗಿದೆ!’

ಇದು ಹಳೇ ಜೋಕು. ಪ್ರತಿ ಸಾವಿನ ಮನೆಯಲ್ಲೂ ಪ್ರತಿ ಕಸಿನ್ ಹೇಳುವ ಜೋಕು. ಲೊಂಬೆಯೇ ಶಾವಾನ ಹೆಂಡತಿಯನ್ನು ಐದು ಸಲ ಹೀಗೆ ಕರೆದುಕೊಂಡು ಹೋಗಿದ್ದ, ಬಾಯಲ್ಲಿ. ಆದರೆ ಅಂದು ಅವನ ಕಿವಿಗೆ ಬಿದ್ದದ್ದು ಒಂದೇ ಮಾತು, ಹೆಂಡತಿ. ಓಡಿಬಂದು ಶಾವಾನ ಕಾಲರ್ ಹಿಡಿದು ಗೇಟಿಗೆ ಒತ್ತಿದ.

‘ಇನ್ನೊಂದು ಮಾತಾಡಿದ್ರೆ ಹಲ್ಲು ಉದುರಿಸ್ತೀನಿ! ನಡಿ ಇಲ್ಲಿಂದ! ನನ್ನ ಮನೆ ಬಾಗಿಲಿಗೆ ಮತ್ತೆ ಕಾಲಿಡಬೇಡ!’

ನಗಲೆಂದು ಸೇರಿದ್ದವರು ಹಿಂದೆ ಸರಿದರು. ಒಬ್ಬ ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದಳು. ಶಾವಾ ತಲೆಯ ಚಿಟೆಂಗೆ ಬಿಚ್ಚಿ ನಾಲ್ಕು ಮಡಿಕೆ ಮಾಡಿದ.

‘ಕ್ಷಮಿಸಿ ಕೋಚ್,’ ಎಂದ. ‘ತಮಗೆ ತೊಂದರೆ ಕೊಟ್ಟೆ.’ ಅಷ್ಟು ಹೇಳಿ ಹೊರಟುಹೋದ.

ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕದಲ್ಲಿ ಒಂದು ಚೀಲ ಕಿತ್ತಳೆ ಇತ್ತು.

‘ಶಾವಾ ಬೆಳಗ್ಗೆ ಬಂದಿದ್ದ ಬಾಶಿ ಚೋಲಾ,’ ಎಂದಳು ಅವಳು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು. ‘ಗಂಡ ಇವತ್ತು ಸಾಯ್ತಾನೆ ಅಂತ ಸುದ್ದಿ ಇದೆ, ರೆಡಿಯಾಗಿರು, ಕರ್ಕೊಂಡ್ ಹೋಗ್ತೀನಿ ಅಂದ. ನಕ್ಕೂ ನಕ್ಕೂ ಹೊಲಿಗೆ ಬಿಚ್ಚಿಹೋಗೋದೊಂದು ಬಾಕಿ. ನಿಮ್ಮನ್ನೂ ನಗಿಸಿ ಕಳಿಸ್ತೀನಿ ಅಂತ ಹೇಳಿಯೇ ಹೋದ. ಬಂದಿದ್ನಾ?’

ಲೊಂಬೆ ಕಿತ್ತಳೆಯ ಚೀಲವನ್ನೇ ನೋಡುತ್ತ ಕೂತ. ನಡೆದದ್ದನ್ನು ಹೇಳಿದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

‘ಹೋಗಿ ಬೈದ್ಬಿಟ್ಟು ಬನ್ನಿ. ಈಗ್ಲೇ ಹೋಗಿ,’ ಎಂದಳು.

ಹೋಗಲಿಲ್ಲ. ಮೊದಲ ವಾರ ನಾಚಿಕೆ, ಮೊದಲ ತಿಂಗಳು ಬಿಗುಮಾನ. ಆಮೇಲೆ ಇನ್ನೊಂದು ಕೆಲಸ ಸಿಗಲಿ, ತಲೆಯೆತ್ತಿ ಹೋಗುತ್ತೇನೆ ಎಂಬ ನೆಪ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತದೆಯೇ? ಎಂಥ ಸೋಲಿನ ಮುಂದೂ ತಲೆ ತಗ್ಗಿಸದ ಈ ಗಂಡಸಿಗೆ ಒಬ್ಬನ ಗೇಟಿನ ಮುಂದೆ ಹೋಗಿ ತಪ್ಪಾಯಿತು ಎನ್ನಲು ಬರುತ್ತಿರಲಿಲ್ಲ. ಆರು ವರ್ಷ ಕಳೆಯಿತು. ಮೈದಾನದಲ್ಲಿ ಎದುರಾದಾಗಲೆಲ್ಲ ಶಾವಾ ಕೈಕುಲುಕುತ್ತಿದ್ದ. ‘ನಮಸ್ಕಾರ ಕೋಚ್. ತಾವು ಆರೋಗ್ಯವಾಗಿದ್ದೀರಾ? ಮನೆಯವರು ಕ್ಷೇಮವೇ? ಸಂತೋಷ.’ ಬ್ಯಾಂಕಿನವರು ಮಾತಾಡಿದ ಹಾಗೆ. ಒಂದು ಕೊಂಕು ಮಾತಿಲ್ಲ, ಒಂದು ಚುಚ್ಚುನುಡಿಯಿಲ್ಲ. ಲೊಂಬೆಗೆ ಪ್ರತಿ ಸಲವೂ ಕಪಾಳಕ್ಕೆ ಹೊಡೆದಂತಾಗುತ್ತಿತ್ತು.

ಆ ನಡುವೆ ಏಳನೆಯ ಸಾವೂ ಬಂತು. ಅಂದು ಮಧ್ಯಾಹ್ನ ಲೊಂಬೆ ಅಂಗಳಕ್ಕೆ ಕುರ್ಚಿ ತಂದು, ಗೇಟಿಗೆ ಮುಖ ಮಾಡಿ ಕೂತ. ನಾಲ್ಕಾಯಿತು, ಐದಾಯಿತು. ಯಾರೂ ಬರಲಿಲ್ಲ. ನೆರೆಯವರ ಬಾಗಿಲುಗಳು ತೆರೆಯಲಿಲ್ಲ. ಗಣಿಯ ಪಾಳಿಯ ಸೈರನ್ ಕೂಗಿದಾಗ ಎದ್ದು ಒಳಗೆ ಹೋದ. ಕೆಲಸ ಹೋದರೆ ಇಷ್ಟು ನೋಯುತ್ತದೆ ಎಂದು ಅವನಿಗೆ ಗೊತ್ತಾದದ್ದು ಅಂದೇ.

ಐವತ್ತೊಂಬತ್ತಕ್ಕೆ, ಊರು ಹೋಗು ಕಾಡು ಬಾ ಎನ್ನುವ ವಯಸ್ಸಿನಲ್ಲಿ, ಸ್ವಂತ ಬಡಾವಣೆಯ ತಂಡ ಕಂಟಾನ್ಶಿ ಹ್ಯಾಮರ್ಸ್ ಅವನನ್ನು ಕರೆಯಿತು. ಅರ್ಧ ಸೀಸನ್ ಮುಗಿದಿತ್ತು, ತಂಡ ಪಟ್ಟಿಯ ತಳ ಕಂಡಿತ್ತು. ಅಧ್ಯಕ್ಷ ಮುತೋಬಾ ಚಿಟೆಂಗೆಯ ಜೊತೆ ಬಂದಾಗ ಲೊಂಬೆ ನಕ್ಕ.

‘ಮುತೋಬಾ ಅವರೇ, ತಂಡಾನ ಮೇಲಿನ ಲೀಗಲ್ಲಿ ಉಳಿಸಿಕೊಡ್ತೀನಿ. ಆದ್ರೆ ಈ ಸಲ ರೇಡಿಯೋದವರಿಗೆ ಕೆಲಸ ಕೊಡಲ್ಲ. ನನ್ನ ಕಾಲ ಮೇಲೆ ನಾನೇ ನಡ್ಕೊಂಡ್ ಹೊರಗೆ ಹೋಗ್ತೀನಿ.’

‘ಮೊದ್ಲು ಗೆಲ್ಲಿ ಕೋಚ್, ಹೋಗೋ ಮಾತು ಆಮೇಲೆ,’ ಎಂದ ಮುತೋಬಾ, ಕೋಳಿಯ ಕಾಲು ಕಚ್ಚುತ್ತ.

ಹುಡುಗರಿಗೆ ಅವನು ಮೊದಲ ದಿನ ಹೇಳಿದ್ದು ಇಷ್ಟೇ: ‘ನೀವು ಕೆಟ್ಟ ಆಟಗಾರರಲ್ಲ, ಗಾಬರಿ ಆಟಗಾರರು. ಗಾಬರಿಗೆ ಔಷಧ ನನ್ನ ಹತ್ರ ಇದೆ. ಬೆವರು.’ ಓಡಿಸಿದ, ಬೈದ, ಮತ್ತೆ ಓಡಿಸಿದ. ಬಾನಾ ಚೋಲಾಳ ಕೈಯ ಸಿಹಿಗೆಣಸು ತಿನ್ನಿಸಿದ. ಗೆಲುವುಗಳು ಬರತೊಡಗಿದವು. ನವೆಂಬರಿನ ಹೊತ್ತಿಗೆ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯ ಜಾಗ. ಕೆಳಗಿನ ನಾಲ್ಕೂ ತಂಡಗಳು ಲೀಗಿನಿಂದ ಹೊರಗೆ. ಉಳಿದದ್ದು ಒಂದು ಪಂದ್ಯ, ಅದನ್ನು ಗೆದ್ದರೆ ಮಾತ್ರ ಬದುಕು.

ಆ ಪಂದ್ಯ ಯಾರ ಮೇಲೆ ಎಂದು ಬೇರೆ ಹೇಳಬೇಕೇ? ಚಿಂಗೋಲಾದ ಚಿವೆಂಪಾಲಾ ಬುಲೆಟ್ಸ್, ಕೋಚ್ ಜೈರೋಸ್ ಶಾವಾ. ಅವರಿಗೆ ಡ್ರಾ ಆದರೂ ಸಾಕು, ಲೀಗ್ ಕಪ್ಪು ಅವರದು. ಅವರ ಕ್ಲಬ್ಬಿನ ಯಜಮಾನ ಲಾರಿಗಳ ಸಾಹುಕಾರ. ‘ಕಪ್ಪಿಲ್ಲ ಅಂದ್ರೆ ಕೋಚೂ ಇಲ್ಲ’ ಎಂದು ಆಗಲೇ ಊರೆಲ್ಲ ಸಾರಿದ್ದ. ಇತ್ತ ಮುತೋಬಾ ಕೂಡ ಸೋತರೆ ಏನು ಮಾಡುತ್ತಾನೆ ಎಂದು ಲೊಂಬೆಗೆ ಗೊತ್ತಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುವ ಪಂದ್ಯ ಅದಾಗಿರಲಿಲ್ಲ. ಶನಿವಾರ ಇಬ್ಬರಲ್ಲಿ ಒಬ್ಬ ಸಾಯಲೇಬೇಕು.

‘ಪಂದ್ಯಕ್ಕೆ ಮುಂಚೆ ಅವನನ್ನ ಒಂದು ಬೈಗುಳ ಬೈದ್ಬಿಡಿ,’ ಎಂದಳು ಬಾನಾ ಚೋಲಾ, ಶರ್ಟಿಗೆ ಇಸ್ತ್ರಿ ಹಾಕುತ್ತ. ‘ಆಮೇಲೆ ಬೈದ್ರೆ ಗೆದ್ದೋನ ಕೊಬ್ಬು ಅಂತಾರೆ, ಇಲ್ಲ ಸೋತೋನ ಹೊಟ್ಟೆಕಿಚ್ಚು ಅಂತಾರೆ. ಇವತ್ತೇ ಸರಿಯಾದ ದಿನ.’

‘ಬೈತೀನಿ ಬಿಡೇ. ಅದೇನು ಮಹಾ ಕೆಲಸ!’

ಮೈದಾನ ಕಿಕ್ಕಿರಿದಿತ್ತು. ಹಸಿರು ಕೋಟು ತೊಟ್ಟ ಶಾವಾ ನಡೆದು ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು.

‘ನಮಸ್ಕಾರ ಕೋಚ್. ಒಳ್ಳೆಯ ಪಂದ್ಯವಾಗಲಿ.’

ಲೊಂಬೆ ಬಾಯಿ ತೆರೆದ. ಇಲಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಈಗ ಬೈದರೆ, ಪಂದ್ಯದ ದಿನ ತನ್ನಿಂದ ಏನೋ ಆಗಬೇಕಾಗಿದೆ ಎಂದೇ ಬೈದ ಎಂದು ಶಾವಾ ಅಂದುಕೊಂಡರೆ?

‘ತಮಗೂ,’ ಎಂದ. ಎಂದು ಮುಗಿಸುವ ಮೊದಲೇ ತನ್ನನ್ನು ತಾನೇ ಶಪಿಸಿಕೊಂಡ.

ಆಟದ ವಿಷಯದಲ್ಲಿ ಮಾತ್ರ ಅವನಿಗೆ ಯಾವ ಅಳುಕೂ ಇರಲಿಲ್ಲ. ಶಾವಾನನ್ನು ಅವನು ಅಂಗೈ ಗೆರೆಯಂತೆ ಬಲ್ಲ. ಡ್ರಾ ಸಾಕು ಎಂದಾದರೆ ಎಪ್ಪತ್ತನೆಯ ನಿಮಿಷಕ್ಕೆ ಶಾವಾ ಒಬ್ಬ ಮುನ್ಪಡೆಯವನನ್ನು ಕೂರಿಸಿ ಇನ್ನೊಬ್ಬ ರಕ್ಷಕನನ್ನು ಇಳಿಸುತ್ತಾನೆ, ಎಲ್ಲರೂ ಗೋಲಿನ ಮುಂದೆ ಗೋಡೆ ಕಟ್ಟುತ್ತಾರೆ. ಇಪ್ಪತ್ತೈದು ವರ್ಷದಿಂದ ಅದೇ ಚಟ. ಗೋಡೆ ಕಟ್ಟಿದಾಗ ಚೆಂಡು ತಲೆಗಳಿಗೆ ಬಡಿದು ಹೊರಗೆ ನಡುಮೈದಾನದ ಕಡೆ ಬಂದು ಬೀಳುತ್ತದೆ. ಲೊಂಬೆ ಮೂರು ವಾರದಿಂದ ನಾಯಕ ಸಾಂಪಾನಿಗೆ ಕಲಿಸಿದ್ದು ಅದೊಂದೇ. ಸಾಂಪಾ ಗಿಡ್ಡ, ದಪ್ಪ, ತೊಡೆಗಳು ಒನಕೆಯಂಥವು.

‘ಗೋಡೆ ಎದ್ದ ಮೇಲೆ ನೀನು ಪೆನಾಲ್ಟಿ ಗೆರೆಯಾಚೆ ನಿಲ್ಲು. ಒಳಗೆ ಒಂದು ಹೆಜ್ಜೆ ಇಟ್ಟೆ ಅಂದ್ರೆ ಕಾಲು ಮುರೀತೀನಿ. ಚೆಂಡು ತಾನಾಗೇ ಬರುತ್ತೆ. ಬಂದಾಗ ನಿಲ್ಲಿಸ್ಬೇಡ, ನೋಡ್ಬೇಡ, ಯೋಚ್ನೆ ಮಾಡ್ಬೇಡ. ಒದಿ.’

‘ಬರದೇ ಇದ್ರೆ ಕೋಚ್?’

‘ಬರುತ್ತೆ. ಅವನು ನನ್ನ ಕಸಿನ್ನು. ನಂಗೊತ್ತು.’

ಎಪ್ಪತ್ತನೆಯ ನಿಮಿಷಕ್ಕೆ ಸರಿಯಾಗಿ ಬುಲೆಟ್ಸ್ ತಂಡದ ಆಟಗಾರ ಬದಲಾವಣೆಯ ಹಲಗೆ ಮೇಲೆದ್ದಿತು, ಒಬ್ಬ ಮುನ್ಪಡೆಯವನು ಹೊರಗೆ ಬಂದ. ಗೋಡೆ ನಿಂತಿತು. ಚೆಂಡು ಎರಡು ಸಲ ಹೊರಗೆ ಬಿತ್ತು. ಸಾಂಪಾ ಒಂದನ್ನು ಆಕಾಶಕ್ಕೆ ಒದ್ದ, ಇನ್ನೊಂದನ್ನು ಪೊಲೀಸಿನವನ ಟೋಪಿಗೆ ಒದ್ದ. ಜನ ಉಗಿದರು. ಲೊಂಬೆ ಗೆರೆಯ ಬಳಿ ಕೈಕಟ್ಟಿ ನಿಂತಿದ್ದ. ಎಂಬತ್ತಾರನೆಯ ನಿಮಿಷ ಮೂರನೆಯದು ಬಂತು. ಸಾಂಪಾ ನಿಲ್ಲಿಸಲಿಲ್ಲ, ನೋಡಲಿಲ್ಲ. ಚೆಂಡು ಒಬ್ಬನ ಮಂಡಿಗೆ ಸವರಿ, ದಿಕ್ಕು ಬದಲಿಸಿ, ಗೋಲ್‌ಕೀಪರನ ಕೈಯಾಚೆ ಬಲೆಗೆ ಹೋಯಿತು.

ಆಮೇಲಿನ ಗದ್ದಲ ಬೇಡ. ಅವನನ್ನು ಮತ್ತೆ ಹೆಗಲ ಮೇಲೆ ಎತ್ತಿದರು. ಎತ್ತರದಿಂದ ಅವನ ಕಣ್ಣು ಹುಡುಕಿದ್ದು ಹಸಿರು ಕೋಟನ್ನು. ಅವನು ಕೆಳಗಿಳಿಯುವವರೆಗೂ ಶಾವಾ ಕಾದು ನಿಂತಿದ್ದು, ಬಂದು ಕೈಕುಲುಕಿದ.

‘ಅಭಿನಂದನೆಗಳು ಕೋಚ್. ತಮ್ಮ ತಂಡ ಅರ್ಹವಾಗಿಯೇ ಗೆದ್ದಿತು,’ ಎಂದು ಬಸ್ಸು ಹತ್ತಿದ.

ಭಾನುವಾರ ಮಧ್ಯಾಹ್ನ ಮುತೋಬಾ ಲೊಂಬೆಯ ಮನೆಯಲ್ಲಿ ಕೋಳಿಯ ಎರಡನೆಯ ಕಾಲಿಗೆ ಕೈಹಾಕಿದ್ದ. ಪಕ್ಕದಲ್ಲಿ ಹೊಸ ಚಿಟೆಂಗೆ, ಎರಡು ವರ್ಷದ ಹೊಸ ಒಪ್ಪಂದದ ಕಾಗದ, ಒಂದು ಪೆನ್ನು. ರೇಡಿಯೋ ಒಂದು ಗಂಟೆ ಎಂದಿತು. ಮೊದಲ ಸುದ್ದಿಯೇ: ಚಿವೆಂಪಾಲಾ ಬುಲೆಟ್ಸ್ ತಂಡದ ಮುಖ್ಯ ಕೋಚ್ ಜೈರೋಸ್ ಶಾವಾ ಅವರನ್ನು ತಕ್ಷಣದಿಂದ ಸೇವೆಯಿಂದ ಬಿಡುಗಡೆ ಮಾಡಲಾಗಿದೆ.

‘ನಿಮ್ಮ ಕಸಿನ್ ಸತ್ತ ಕೋಚ್!’ ಮುತೋಬಾ ತೊಡೆ ತಟ್ಟಿ ನಕ್ಕ. ‘ಸಹಿ ಹಾಕಿ, ಇದೇ ಖುಷಿಗೆ ಇನ್ನೊಂದು ಮುದ್ದೆ ಉಣ್ಣೋಣ.’

ಲೊಂಬೆ ಕೈ ತೊಳೆದ. ಎದ್ದ. ಬಾನಾ ಚೋಲಾ ಆ ಹೊಸ ಚಿಟೆಂಗೆಯನ್ನು ಬಿಚ್ಚಿ ಅವನ ಹೆಗಲಿಗೆ ಹಾಕಿದಳು.

‘ಎಲ್ಲಿಗೆ?’ ಮುತೋಬಾ ಬಾಯಿ ತುಂಬ ಕೋಳಿ ಇಟ್ಟುಕೊಂಡೇ ಕೇಳಿದ.

‘ಸಾವಿನ ಮನೆಗೆ, ಮುತೋಬಾ ಅವರೇ. ನೀವು ನಿಧಾನವಾಗಿ ಊಟ ಮಾಡಿ.’

ಚಿಂಗೋಲಾದ ಮಿನಿಬಸ್ಸಿನಲ್ಲಿ ಎಲ್ಲರಿಗೂ ಅವನ ಗುರುತು. ‘ಕೊಂದೋನೇ ಅಳೋಕೆ ಹೊರಟಿದಾನೆ ನೋಡ್ರಪ್ಪ!’ ಎಂದ ಕಂಡಕ್ಟರ್. ‘ಹೋಗ್ಬೇಡಿ ಕೋಚ್, ಗಾಯಕ್ಕೆ ಉಪ್ಪು ಹಾಕಿದಂಗಾಗುತ್ತೆ,’ ಎಂದಳು ಟೊಮ್ಯಾಟೊ ಬುಟ್ಟಿಯ ಹೆಂಗಸೊಬ್ಬಳು. ಸಾವಿರಾರು ಜನರ ಉಗುಳನ್ನು ಒರೆಸಿಕೊಂಡು ನಡೆದ ಲೊಂಬೆ ದಾರಿಯುದ್ದಕ್ಕೂ ಮೊದಲ ಬೈಗುಳವನ್ನು ಬಾಯಿಪಾಠ ಮಾಡಿದ. ಬೈಯಲೆಂದು ಹೋದಾಗ ಎದುರಿನವನು ‘ಬನ್ನಿ, ಕುಳಿತುಕೊಳ್ಳಿ’ ಎಂದರೆ ಮುಗಿಯಿತು, ಆ ನಂಟು ಇನ್ನು ಈ ಜನ್ಮಕ್ಕಿಲ್ಲ. ಹಿರಿಯರು ಮಾಡಿಟ್ಟ ಕಟ್ಟಳೆ ಅದು. ಎರಡನೆಯ ಅವಕಾಶ ಇಲ್ಲ.

ಶಾವಾನ ಗೇಟು ಮುಚ್ಚಿತ್ತು. ನೆರೆಯವರ ಬಾಗಿಲುಗಳೂ ಮುಚ್ಚಿದ್ದವು. ಲೊಂಬೆ ಚಿಟೆಂಗೆಯನ್ನು ತಲೆಗೆ ಸುತ್ತಿದ, ಮಣ್ಣಿನಲ್ಲಿ ಕೂತ, ಗಂಟಲು ಸರಿಮಾಡಿಕೊಂಡ.

‘ಅಯ್ಯಯ್ಯೋ! ಹೋದ್ಯಲ್ಲೋ ಇಲಿ ತಿನ್ನೋನೇ! ಬಿಲದಲ್ಲಿರೋ ಇಲಿಮರಿಗಳು ಹಾಡ್ತಿದಾವಲ್ಲೋ! ನಿನ್ನ ಗೋಡೆಗೆ ಒಂದು ಗಿಡ್ಡ ಹುಡುಗ ಕಿಂಡಿ ಕೊರೆದ್ನಲ್ಲೋ! ಇಪ್ಪತ್ತೈದು ವರ್ಷ ಅದೇ ಗೋಡೆ ಕಟ್ಟಿದ್ಯಲ್ಲೋ ಪೆದ್ದೇ!’

ಬಾಗಿಲುಗಳು ತೆರೆದವು. ಜನ ಬಂದರು. ಯಾರೂ ನಗಲಿಲ್ಲ. ಎಲ್ಲರಿಗೂ ಆರು ವರ್ಷದ ಕಥೆ ಗೊತ್ತಿತ್ತು. ಗೇಟು ತೆರೆದು ಶಾವಾ ಹೊರಗೆ ಬಂದ. ಬಿಳಿ ಶರ್ಟು, ಬರಿಗಾಲು.

‘ನಮಸ್ಕಾರ ಕೋಚ್,’ ಎಂದ. ‘ಬಿಸಿಲಿನಲ್ಲಿ ಯಾಕೆ ಕುಳಿತಿರಿ?’

ಇನ್ನೊಂದು ಮಾತು ಬಂದರೆ ಮುಗಿಯಿತು. ಲೊಂಬೆ ತಲೆಯೆತ್ತಲಿಲ್ಲ. ಅಣಕದ ದನಿ ತಾನಾಗಿ ಇಳಿದುಹೋಯಿತು.

‘ಶಾವಾ, ಒಳಗೆ ಬಾ ಅಂತ ಮಾತ್ರ ಹೇಳ್ಬೇಡ ಕಣೋ. ಒಂದು ನಿಮಿಷ ಕೇಳು. ಅವತ್ತು ನನ್ನದೇ ತಪ್ಪು. ನೀನು ಆಸ್ಪತ್ರೆಗೆ ಹೋಗಿ ಬಂದಿದ್ದು ಗೊತ್ತಾದ ಮೇಲೂ ನಾನು ಬರಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಆಮೇಲೆ ಏಳನೇ ಸಲ ನಾನು ಸತ್ತೆ. ಗೇಟ್ ನೋಡ್ಕೊಂಡು ಕೂತಿದ್ದೆ. ಯಾರೂ ಬರಲಿಲ್ಲ. ಅಳೋರಿಲ್ಲದ ಹೆಣ ಆಗಿಬಿಟ್ಟೆ ಕಣೋ ನಾನು. ನಿನ್ನ ಹೆಣಾನ ಹಂಗೆ ಬಿಡೋಕೆ ನನ್ನ ಕೈಲಾಗಲಿಲ್ಲ. ಅದಕ್ಕೇ ಬಂದೆ.’

ಬೀದಿಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಶಾವಾ ಮುಂದೆ ಬಂದು, ಲೊಂಬೆಯ ಎದುರು ಕುಕ್ಕರಗಾಲಲ್ಲಿ ಕೂತ.

‘ಅಳೋದು ಹಿಂಗಾ?’ ಎಂದ. ‘ಥೂ ನಿನ್ನ! ಆರು ವರ್ಷ ಅಭ್ಯಾಸ ತಪ್ಪಿ ರಾಗವೆಲ್ಲ ಕೆಟ್ಟುಹೋಗಿದೆ. ಕೋತಿ ತಿಂದೂ ತಿಂದೂ ಗಂಟಲು ಕೋತೀದೇ ಆಗಿಬಿಟ್ಟಿದೆ. ಮೊದಲಿಂದ ಶುರು ಮಾಡು, ಗಟ್ಟಿಯಾಗಿ! ಆ ಕೊನೇ ಮನೇವರಿಗೂ ಕೇಳಿಸ್ಬೇಕು ನಾನು ಸತ್ತಿದ್ದು!’

ಬೀದಿ ಘೊಳ್ಳೆಂದು ನಕ್ಕಿತು. ಲೊಂಬೆ ಮೊದಲಿಂದ ಶುರು ಮಾಡಿದ. ನಡುವೆ ನಿಜವಾದ ಅಳು ಬಂದು ರಾಗ ಮತ್ತೆ ಕೆಟ್ಟಿತು, ಮತ್ತೆ ಬೈಸಿಕೊಂಡ. ಶಾವಾನ ಹೆಂಡತಿ ನ್ಶಿಮಾ ತಂದಿಟ್ಟಳು, ಎಣ್ಣೆಯಲ್ಲಿ ಹುರಿದ ಸಣ್ಣ ಮೀನು ತಂದಿಟ್ಟಳು. ‘ಇಬ್ಬರನ್ನೂ ದೇವರು ಹಿಂಗೇ ಇಟ್ಟಿರಲಿ,’ ಎಂದು ಕಣ್ಣೊರೆಸಿಕೊಂಡಳು.

ಉಣ್ಣುವಾಗ ಲೊಂಬೆ ಹೇಳಿದ, ‘ನನ್ನ ಮನೇಲಿ ಮುತೋಬಾ ಕೂತಿದಾನೆ. ಎರಡು ವರ್ಷದ ಕಾಗದ ತಂದಿದಾನೆ. ನಾನು ಸಹಿ ಹಾಕಲ್ಲ. ಇದ್ದಿದ್ರೆ ಇನ್ನೂ ಗೆಲ್ಲಿಸ್ತಿದ್ದೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಒಂದ್ಸಲ ನನ್ನ ಕಾಲ ಮೇಲೆ ನಾನು ಹೊರಗೆ ನಡೀಬೇಕು. ನೀನು ನನಗಿಂತ ನಾಲ್ಕು ವರ್ಷ ಚಿಕ್ಕೋನು. ಹೋಗಿ ಕೂತ್ಕೋ ಆ ಕುರ್ಚೀಲಿ. ಮುತೋಬಾಗೆ ನಾನು ಹೇಳ್ತೀನಿ.’

ಶಾವಾನ ಕೈ ತಟ್ಟೆಯ ಮೇಲೆಯೇ ನಿಂತಿತು. ‘ಅಂದ್ರೆ, ನೀನೂ ಇವತ್ತೇ ಸತ್ತೆ?’

‘ಹೂಂ ಕಣೋ. ಇದು ಎಂಟನೇದು. ರೇಡಿಯೋಗೂ ಗೊತ್ತಿಲ್ಲ, ನಿಂಗೇ ಮೊದಲು ಗೊತ್ತಾಗಿದ್ದು.’

ಶಾವಾ ಕೈ ಕೂಡ ತೊಳೆಯಲಿಲ್ಲ. ಲೊಂಬೆಯ ತಲೆಯ ಚಿಟೆಂಗೆಯನ್ನು ಕಿತ್ತು ತನ್ನ ಬಿಳಿ ಕೂದಲಿಗೆ ಸುತ್ತಿಕೊಂಡು, ಗೇಟಿನ ಹೊರಗೆ ಹೋಗಿ ಮಣ್ಣಿನಲ್ಲಿ ಬಿದ್ದ.

‘ಅಯ್ಯಯ್ಯೋ! ಕೋತಿ ತಿನ್ನೋನೇ! ಹೋಗ್ಬಿಟ್ಯಲ್ಲೋ!’

ಲೊಂಬೆ ಮೆಟ್ಟಿಲ ಮೇಲೆ ಬಂದು ನಿಂತ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

‘ಏಳನೇದಕ್ಕೆ ನೀನು ಅತ್ತೇ ಇಲ್ಲ ಕಣೋ,’ ಎಂದು ಕೂಗಿದ. ‘ಅದಕ್ಕೂ ಸೇರಿಸಿ ಅಳು!’

ಶಾವಾ ಎರಡಕ್ಕೂ ಸೇರಿಸಿ ಅತ್ತ.